ನಾಲ್ಕನೇ ಗನ್ ಪೂರ್ತಿ ತಿರುಗಿತು

ಫೆಬ್ರವರಿ 3, ಸೋಮವಾರ

ಮೈದಾನದ ಅಧಿಕಾರಿ ಟೋಪಿ ಸಾಹೇಬರು ಇವತ್ತು ನನ್ನ ಕೈಗೆ ಒಂದು ರಟ್ಟಿನ ಪುಸ್ತಕ ಕೊಟ್ಟರು. ಇವರು ಮಲಗುವಾಗಲೂ ಟೋಪಿ ತೆಗೆಯುವುದಿಲ್ಲವೆಂದು ನನ್ನ ಅನುಮಾನ. ಪಂದ್ಯಕ್ಕೊಂದು ಹಾಳೆಯಂತೆ. ನೀರು ಎಷ್ಟು ಹೊತ್ತಿಗೆ ಬಿಟ್ಟೆ, ಎಷ್ಟು ನಿಮಿಷ ಬಿಟ್ಟೆ, ಆರೂ ನೀರಿನ ಗನ್ ಸರಿಯಾಗಿ ತಿರುಗಿದವೋ ಇಲ್ಲವೋ, ಎಲ್ಲ ಬರೆದು ಸಹಿ ಹಾಕಬೇಕು. "ಇದು ಎಂಟು ದೇಶದ ಹೆಣ್ಣುಮಕ್ಕಳ ಹಾಕಿ ಪಂದ್ಯಾವಳಿ, ಬಾಯಿಮಾತು ನಡೆಯೋದಿಲ್ಲ" ಅಂದರು. ಬಾಯಿಮಾತು ನಡೆಯದ ಕಡೆ ನನ್ನನ್ನು ಇಟ್ಟುಕೊಂಡಿದ್ದಾರಲ್ಲ, ಅವರ ಧೈರ್ಯ ಮೆಚ್ಚಬೇಕು.

ಪುಸ್ತಕದ ಮುಂದಿನ ಹಾಳೆಗಳು ಸಾಹೇಬರಿಗೆ. ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ ನನಗೆ. ಒಂದೇ ಕೋಣೆಯ ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವನು ನಾನು. "ನಿನ್ನ ಅಕ್ಷರ ಮುತ್ತು, ಬರೆಯೋದೆಲ್ಲ ಸುಳ್ಳು" ಅಂತ ಮೇಷ್ಟ್ರು ಹೇಳುತ್ತಿದ್ದರು. ಅದರಲ್ಲಿ ಮೊದಲರ್ಧವನ್ನು ಮಾತ್ರ ನೆನಪಿಟ್ಟುಕೊಂಡಿದ್ದೇನೆ.

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ, ಎಂಟು ದೇಶಗಳನ್ನು ಓಡಿಸುವುದು ಅನ್ನುತ್ತೇನೆ. ಸುಳ್ಳೇನಲ್ಲ. ಹಾಕಿ ಟರ್ಫ್ ಅಂದರೆ ಹುಲ್ಲಲ್ಲ, ನೀಲಿ ಪ್ಲಾಸ್ಟಿಕ್ ಹಾಸು. ಒಣಗಿದರೆ ಚೆಂಡು ಕುಂಟುತ್ತದೆ, ಬಿದ್ದವರ ಚರ್ಮ ಸುಲಿಯುತ್ತದೆ. ಒದ್ದೆಯಾಗಿದ್ದರೆ ಚೆಂಡು ಮೀನಿನ ಹಾಗೆ ಹರಿಯುತ್ತದೆ. ಒದ್ದೆ ಮಾಡುವವನು ನಾನು. ಮೈದಾನದ ಸುತ್ತ ಆರು ರೇನ್ ಗನ್, ಅಂದರೆ ಆಚೆ ಈಚೆ ತಿರುಗುತ್ತಾ ದೂರಕ್ಕೆ ನೀರು ಚಿಮ್ಮುವ ಕೊಳವೆಗಳು, ಇವೆ, ಪಂಪಿನ ಕೋಣೆಯಿಂದ ಆರಕ್ಕೂ ನಾನು ವಾಲ್ವ್ ತಿರುಗಿಸುತ್ತೇನೆ. ಆರಕ್ಕೂ ನಮ್ಮ ಮನೆಯವರ ಹೆಸರಿಟ್ಟಿದ್ದೇನೆ. ಒಂದನೆಯದು ಅಜ್ಜಿ, ಎಲ್ಲರಿಗಿಂತ ದೂರ ಉಗುಳುತ್ತದೆ. ಮೂರನೆಯದು ಅತ್ತೆ, ಶುರುವಾದರೆ ನಿಲ್ಲಿಸುವುದು ಕಷ್ಟ. ನಾಲ್ಕನೆಯದು ಚಿಕ್ಕಪ್ಪ. ನಮ್ಮ ಚಿಕ್ಕಪ್ಪ ಯಾವ ಕೆಲಸಕ್ಕೆ ಕರೆದರೂ ಮುಕ್ಕಾಲು ದಾರಿ ಬಂದು ವಾಪಸು ಹೋಗುತ್ತಿದ್ದ. ಈ ಗನ್ನೂ ಹಾಗೆಯೇ. ಮೂರು ತಿಂಗಳ ಹಿಂದೆ ಇದರ ಕುತ್ತಿಗೆಯಲ್ಲಿ ನೀರು ಸೋರುತ್ತಿತ್ತು. ಹೊಸ ರಬ್ಬರ್ ಬಳೆ ಬರಲು ಹತ್ತು ದಿನ ಬೇಕು ಅಂದ ಕಂಪನಿಯ ಮೆಕ್ಯಾನಿಕ್. ನಾನು ಹತ್ತು ನಿಮಿಷ ಅಂದೆ. ನನ್ನ ಹಳೇ ಚಪ್ಪಲಿಯ ಅಟ್ಟೆ ಕತ್ತರಿಸಿ ಬಳೆ ಮಾಡಿ ತುರುಕಿದೆ. ಸೋರುವುದು ನಿಂತಿತು. ಈಗ ಕೊನೆ ಮುಟ್ಟುವ ಮುಂಚೆ ಸ್ವಲ್ಪ ಬಿಗಿಯಾಗಿ ವಾಪಸು ತಿರುಗುತ್ತದೆ, ಅಷ್ಟೆ. ಅಷ್ಟು ದೊಡ್ಡ ಮೈದಾನದಲ್ಲಿ ಎರಡು ಚಾಪೆಯಷ್ಟು ಜಾಗ ಒಣಗಿದ್ದರೆ ಯಾರಿಗೆ ಕಾಣುತ್ತದೆ.

ಇನ್ನು ನಿಜವಾದ ಸುದ್ದಿ. ನಮ್ಮ ಕುಳ್ಳಿ ತಂಡದಲ್ಲಿದ್ದಾಳೆ. ಅಕ್ಕನ ಮಗಳು, ಐದಡಿ ಒಂದಂಗುಲ, ಗೋಲ್‌ಕೀಪರ್. ಒಂಬತ್ತು ವರ್ಷದವಳಿದ್ದಾಗ ಈ ಪಂಪಿನ ಕೋಣೆಯ ಒದ್ದೆ ಸಿಮೆಂಟಿನ ಮೇಲೆ ಕಾಲಿಗೆ ಗೋಣಿ ಕಟ್ಟಿಸಿ, ಜಾರುವುದು ಹೇಗೆಂದು ಕಲಿಸಿದವನು ನಾನೇ. ಇವತ್ತು ಚಹದಂಗಡಿಯಲ್ಲಿ ನಾಲ್ಕು ಸಲ ಹೇಳಿದೆ. ಐದನೇ ಸಲಕ್ಕೆ ಅಂಗಡಿಯವನು ರೇಡಿಯೋ ಜೋರು ಮಾಡಿದ.

ಫೆಬ್ರವರಿ 5, ಬುಧವಾರ

ತಂಡದ ಪಟ್ಟಿ ಅಂಟಿಸಿದ್ದಾರೆ. ಗೋಲಿಗೆ ಕಂಬ. ಕುಳ್ಳಿ ಎರಡನೆಯವಳು, ಅಂದರೆ ಬೆಂಚು. ಕಂಬ ಅಂತ ನಾನಿಟ್ಟ ಹೆಸರು; ಆರಡಿ ಹುಡುಗಿ, ಗೋಲಿನಲ್ಲಿ ಕೈ ಚಾಚಿ ನಿಂತರೆ ಎರಡೂ ಕಡೆ ಬಾಗಿಲು ಹಾಕಿದ ಹಾಗೆ ಕಾಣುತ್ತಾಳೆ. ಕೋಚಮ್ಮನಿಗೆ ಎತ್ತರದವರೆಂದರೆ ಇಷ್ಟ. ಎತ್ತರವೇ ಬೇಕಿದ್ದರೆ ಏಣಿ ನಿಲ್ಲಿಸಬಹುದಿತ್ತು.

ಚಹದಂಗಡಿಯವನು ಕಾದು ಕೂತಿದ್ದ.

"ಏನು ಮಾಮ, ನಿಮ್ಮ ಹುಡುಗಿ ಮೊದಲನೇ ದಿನದಿಂದ ಆಡ್ತಾಳೆ ಅಂದಿದ್ರಿ. ಬೆಂಚಿಗೂ ಗೋಲ್‌ಕೀಪರ್ ಬೇಕಾ?"

"ಒಳ್ಳೇ ಬೀಗದ ಕೈ ಕೊನೆಗೆ ತೆಗೀತಾರೆ" ಅಂದೆ. ಉತ್ತರವೇನೋ ಚೆನ್ನಾಗಿತ್ತು. ಆದರೆ ಅರ್ಧ ಲೋಟ ಚಹ ಅಲ್ಲೇ ಬಿಟ್ಟು ಬಂದೆ.

ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತಾ, "ಇಡೀ ಬೀದಿಗೆ ಡಂಗುರ ಹೊಡೆದು ಬಂದ್ಯಲ್ಲ, ಈಗ ಮುಖ ಎಲ್ಲಿಟ್ಕೋತೀಯೋ" ಅಂದಳು. ಮಗಳು ಇದ್ದ ಜಾಗದಲ್ಲೇ ಇದ್ದಾಳೆ, ನನ್ನ ಮಾತು ಮಾತ್ರ ಮುಂದೆ ಹೋಗಿದೆ ಅಂದೆ. "ಯಾವಾಗಲೂ ಅದೇ ಆಗೋದು" ಅಂದಳು.

ಸಾಹೇಬರು ಪಂಪಿನ ಕೋಣೆಗೆ ಬಂದು, "ಆರೂ ಸರಿ ಇವೆಯಾ?" ಅಂತ ಕೇಳಿದರು. "ಆರೂ ಗಡಿಯಾರ, ಸರ್" ಅಂದೆ. ಮುಂದಿನ ಹಾಳೆಯಲ್ಲೂ ಹಾಗೆಯೇ ಬರೆದೆ. ಮುತ್ತಿನಂಥ ಅಕ್ಷರ.

ಫೆಬ್ರವರಿ 7, ಶುಕ್ರವಾರ

ಮೊದಲ ಪಂದ್ಯ, ಎರಡಕ್ಕೆ ಒಂದು, ನಾವು ಗೆದ್ದೆವು. ಕಂಬ ಚೆನ್ನಾಗಿ ಆಡಿದಳು ಅಂತ ಎಲ್ಲರೂ ಅಂದರು. ನಾನೂ ಅಂದೆ, ಹಲ್ಲು ಕಚ್ಚಿಕೊಂಡು. ಕುಳ್ಳಿ ಬೆಂಚಿನಲ್ಲಿ ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಯಾರದೋ ಮಗುವನ್ನು ಸ್ವಲ್ಪ ಹೊತ್ತು ಹಿಡಿದುಕೊಂಡವರ ಹಾಗೆ.

ಆಮೇಲೆ ಪಂಪಿನ ಕೋಣೆಗೆ ಬಂದಳು. ಚಿಕ್ಕಂದಿನಿಂದ ಕೂರುವ ಅದೇ ತಿರುಗಿಸಿದ ಬಕೆಟ್ಟಿನ ಮೇಲೆ ಕೂತಳು.

"ಮಾಮ, ಬೀದಿಯಲ್ಲಿ ಏನೇನೋ ಹೇಳ್ಬೇಡ. ಅಮ್ಮ ಫೋನ್ ಮಾಡಿ ಬಯ್ತಾಳೆ."

"ನಾನೇನು ಹೇಳ್ದೆ?"

"ನಾನು ಚಾಂಪಿಯನ್ ಅಂತ."

"ಮುಂಗಡವಾಗಿ ಹೇಳ್ದೆ."

ನಕ್ಕಳು. ಈ ವರ್ಷ ಆಡದಿದ್ದರೆ ಇಲ್ಲಿಗೆ ಮುಗಿಯಿತು ಅಂದಳು, ನಗುತ್ತಲೇ. ಇಪ್ಪತ್ತೊಂಬತ್ತು ತುಂಬಿದೆ, ಹಿಂದೆ ಮೂವರು ಎತ್ತರದ ಹುಡುಗಿಯರು ಕಾಯುತ್ತಿದ್ದಾರೆ. ಏಳು ವರ್ಷದಲ್ಲಿ ದೊಡ್ಡ ಪಂದ್ಯ ಆಡಿದ್ದು ಒಟ್ಟು ಹನ್ನೊಂದು ನಿಮಿಷ. ಎಣಿಸಿಟ್ಟುಕೊಂಡಿದ್ದಾಳೆ.

ಫೆಬ್ರವರಿ 9, ಭಾನುವಾರ

ಬೀಗದ ಕೈ ತೆಗೆದರು!

ಎರಡನೇ ಪಂದ್ಯ, ಎರಡನೇ ಕ್ವಾರ್ಟರ್. ಎದುರಿನ ತಂಡದವಳು ಒಬ್ಬಳೇ ಚೆಂಡು ಹಿಡಿದುಕೊಂಡು ಬಂದಳು, ನನ್ನ ಪಂಪಿನ ಕೋಣೆಯ ಕಡೆಯ ಗೋಲಿಗೆ. ಕಂಬ ಮುಂದೆ ಓಡಿ ಬಂದು ಅಡ್ಡ ಬಿದ್ದು ಜಾರಿದಳು. ಮೈ ಜಾರಿತು, ಕಾಲು ಜಾರಲಿಲ್ಲ. ಮಂಡಿ ತಿರುಚಿಕೊಂಡಿತು. ಎದ್ದು ನಿಲ್ಲಲಾಗಲಿಲ್ಲ, ಹೊತ್ತುಕೊಂಡು ಹೋದರು. ಕುಳ್ಳಿ ಹೆಲ್ಮೆಟ್ ಹಾಕಿಕೊಂಡು ಒಳಗೆ ಬಂದಳು. ಹಿಂದಿನಿಂದ ನೋಡಿದರೆ ಪ್ಯಾಡುಗಳೇ ನಡೆದು ಬಂದ ಹಾಗಿತ್ತು. ಸ್ಟ್ಯಾಂಡಿನಲ್ಲಿ ಯಾರೋ ನಕ್ಕರು.

ಆಮೇಲೆ ಯಾರೂ ನಗಲಿಲ್ಲ. ಐದು ಪೆನಾಲ್ಟಿ ಕಾರ್ನರ್ ತಡೆದಳು. ಒಂದನ್ನು ಬಲಗಾಲಿನ ತುದಿಯಲ್ಲಿ, ಒಂದನ್ನು ಎಡಗೈಯಲ್ಲಿ, ಒಂದನ್ನು ಎದೆಯಲ್ಲಿ. ಉಳಿದೆರಡನ್ನು ಯಾವುದರಲ್ಲಿ ತಡೆದಳೆಂದು ಅವಳಿಗೂ ಗೊತ್ತಿರಲಾರದು. ಎತ್ತರದವರು ಬಗ್ಗುವಷ್ಟರಲ್ಲಿ ನಮ್ಮವಳು ನೆಲದಲ್ಲೇ ಇರುತ್ತಾಳೆ. ಒಂದಕ್ಕೆ ಸೊನ್ನೆ, ಗೆದ್ದೆವು.

ಪಂಪಿನ ಕೋಣೆಯ ಬಾಗಿಲಲ್ಲಿ ನಿಂತು ಕೂಗಿ ಕೂಗಿ ಗಂಟಲು ಕಟ್ಟಿದೆ. ಆ ಗಂಟಲಲ್ಲೇ ಚಹದಂಗಡಿಯಲ್ಲಿ ಭಾಷಣ ಮಾಡಿದೆ. ಗೋಣಿ ಕಟ್ಟಿ ಕಲಿಸಿದ ಕಥೆಯನ್ನು ಇವತ್ತು ಜನ ತಾವಾಗಿ ಕೇಳಿದರು. ರೇಡಿಯೋ ಆರಿಸಿ ಕೇಳಿದರು. ಕಥೆಯಲ್ಲಿ ಒಂದು ಮೂಟೆ ಮರಳು, ಒಂದು ಮೂಟೆ ಚಳಿ ಹೊಸದಾಗಿ ಸೇರಿಸಿದೆ.

ನನ್ನ ಜೀವನದಲ್ಲಿ ಇಂಥ ದಿನ ಬಂದಿರಲಿಲ್ಲ. ಬೆಳಿಗ್ಗೆ ಕಂಬದ ಮಂಡಿಯ ಸುದ್ದಿ ಕೇಳಬೇಕು.

ಫೆಬ್ರವರಿ 10, ಸೋಮವಾರ

ಮಂಡಿಯ ಒಳಗೆ ನಾರು ಹರಿದಿದೆಯಂತೆ. ಪಂದ್ಯಾವಳಿ ಮುಗಿಯಿತು ಅವಳಿಗೆ.

ಟರ್ಫ್ ಖಾಲಿಯಿದ್ದಾಗ ಹೋಗಿ ನೋಡಿದೆ. ಗೋಲಿನ ಎಡಗಡೆ, ಚಿಕ್ಕಪ್ಪನ ನೀರು ಮುಟ್ಟದ ಜಾಗ. ಎರಡು ಚಾಪೆಯಷ್ಟು. ಅದರ ನಟ್ಟನಡುವೆ ಕಂಬದ ಪ್ಯಾಡು ಉಜ್ಜಿದ ಬಿಳಿ ಗೆರೆ.

ಫೆಬ್ರವರಿ 11, ಮಂಗಳವಾರ

ಇವತ್ತು ಪಂದ್ಯವಿಲ್ಲ. ಕುಳ್ಳಿ ಬಂದಳು. ಬಕೆಟ್ಟಿನ ಮೇಲೆ ಕೂರಲಿಲ್ಲ.

"ಮಾಮ, ಆ ಎಡಗಡೆ ಯಾಕೆ ಒಣಗಿತ್ತು?"

"ಬಿಸಿಲು."

"ಬಿಸಿಲು ಅಷ್ಟಕ್ಕೇ ಬೀಳುತ್ತಾ?"

"ಗಾಳಿನೂ ಇತ್ತು. ನೀರನ್ನ ಆ ಕಡೆ ತಳ್ತು."

ಎದುರಿನ ಗೋಡೆಯಲ್ಲಿ ಒತ್ತಡದ ಮೀಟರಿದೆ. ಅದನ್ನೇ ಒರೆಸುತ್ತಾ ನಿಂತೆ. ಮೊದಲೇ ಹೊಳೆಯುತ್ತಿತ್ತು. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಅಕ್ಕ ಹೀಗೇ ನೋಡುತ್ತಾಳೆ, ಮಾತು ಮುಗಿದ ಮೇಲೂ ಮುಗಿದಿಲ್ಲ ಅನ್ನುವ ಹಾಗೆ. ಅವಳಿಗೆಂದು ತರಿಸಿದ ಚಹ ಹಾಗೇ ಆರಿತು. "ಹೊರಡ್ತೀನಿ" ಅಂದು ಹೋದಳು.

ಆರಿದ ಚಹವನ್ನು ನಾನೇ ಕುಡಿದೆ. ಅವಳು ಸುಮ್ಮನೆ ಕೇಳಿದ್ದಿರಬೇಕು. ಗೋಲ್‌ಕೀಪರುಗಳು ನೆಲದ ಬಗ್ಗೆ ಹಾಗೆಲ್ಲ ಕೇಳುತ್ತಿರುತ್ತಾರೆ.

ಫೆಬ್ರವರಿ 12, ಬುಧವಾರ

ಇವತ್ತಿನದನ್ನು ಬರೆಯಬಾರದು ಅಂದುಕೊಂಡೆ. ಬರೆಯುತ್ತೇನೆ.

ಲೀಗಿನ ಕೊನೆಯ ಪಂದ್ಯ. ಮೊದಲರ್ಧ ನಮ್ಮವರು ಆಚೆ ಗೋಲಿನಲ್ಲಿದ್ದರು. ನಡುವಿರಾಮದಲ್ಲಿ ಗನ್ ಬಿಟ್ಟೆ. ಚಿಕ್ಕಪ್ಪ ಎಂದಿನಂತೆ ಮುಕ್ಕಾಲು ಬಂದು ಹಿಂದೆ ಹೋದ. ಇನ್ನು ಕುಳ್ಳಿ ಬಂದು ನಿಲ್ಲುವುದು ಇದೇ ಗೋಲಿಗೆ. ನನಗೆ ಅದೇನಾಯಿತೋ, ಎರಡು ಬಕೆಟ್ ತುಂಬಿಸಿಕೊಂಡು ಬೇಲಿಯ ಗೇಟು ತೆರೆದು ಮೈದಾನದ ಒಳಗೆ ಓಡಿದೆ. ಐವತ್ತೆಂಟು ವರ್ಷ, ಲುಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದೇನೆ, ಎರಡು ಕೈಯಲ್ಲಿ ಬಕೆಟ್. ಒಂದನ್ನು ಸುರಿದೆ. ಇನ್ನೊಂದನ್ನು ಸುರಿಯುವಷ್ಟರಲ್ಲಿ ಅಂಪೈರಮ್ಮ ಸೀಟಿ ಊದಿದಳು. ಇಡೀ ಸ್ಟ್ಯಾಂಡು ನಕ್ಕಿತು. ಇಬ್ಬರು ಕಾವಲಿನವರು ಆಚೆ ಈಚೆ ಹಿಡಿದು, ಮದುಮಗನನ್ನು ಕರೆದುಕೊಂಡು ಹೋಗುವ ಹಾಗೆ ನನ್ನನ್ನು ಹೊರಗೆ ಬಿಟ್ಟರು.

ನಾನು ಕೈ ಬೀಸಿದೆ. ಇನ್ನೂ ನಕ್ಕರು. ನಗಿಸುವುದು ನನಗೆ ಹೊಸದಲ್ಲ.

ಕುಳ್ಳಿ ನಗಲಿಲ್ಲ. ಗೋಲಿನ ಬಳಿ ನಿಂತು, ಒಂದು ಬಕೆಟ್ ನೀರು ಬಿದ್ದ ಜಾಗವನ್ನು ನೋಡಿದಳು. ಆಮೇಲೆ ಗನ್ ಕಡೆ ನೋಡಿದಳು. ಆಮೇಲೆ ನನ್ನ ಕಡೆ.

ಎರಡಕ್ಕೆ ಸೊನ್ನೆ, ಗೆದ್ದೆವು. ಸೆಮಿಫೈನಲ್‌ಗೆ ಬಂದೆವು. ಕುಳ್ಳಿಯ ಫೋಟೋ ನಾಳೆಯ ಪತ್ರಿಕೆಯಲ್ಲಿ ಬರುತ್ತದಂತೆ. ಚಹದಂಗಡಿಗೆ ಹೋಗಲಿಲ್ಲ. ಕಾಲು ನೋವು.

ಫೆಬ್ರವರಿ 13, ಗುರುವಾರ

ಬೆಳಿಗ್ಗೆ ಅಕ್ಕ ಪತ್ರಿಕೆ ತಂದು ನನ್ನ ಮುಂದೆ ಹಾಕಿದಳು. ಫೋಟೋ ಇತ್ತು. ಅದರ ಕೆಳಗೆ, ಗೋಣಿ ಕಟ್ಟಿ ಜಾರಲು ಕಲಿಸಿದ ಸೋದರಮಾವನ ಕಥೆಯೂ ಇತ್ತು. ಮರಳಿನ ಮೂಟೆ ಸಮೇತ. ಚಹದಂಗಡಿಯಲ್ಲಿ ಪತ್ರಿಕೆಯವನೊಬ್ಬ ಕೂತಿದ್ದನಂತೆ.

"ನೀನು ಕಲಿಸಿದ್ಯಾ?" ಅಂದಳು ಅಕ್ಕ. "ಅವತ್ತು ಅವಳನ್ನ ಪೈಪು ಹಿಡ್ಕೊಂಡು ಬೀದಿ ಕೊನೆವರೆಗೂ ಅಟ್ಟಿಸಿಕೊಂಡು ಬಂದಿದ್ದು ಯಾರೋ? ಅವಳು ನನ್ನ ಸೆರಗಿನ ಹಿಂದೆ ಅಡಗಿದ್ದು ಮರೆತ್ಯಾ?"

ಮರೆತಿರಲಿಲ್ಲ. ಗೋಣಿ ಕಟ್ಟಿಕೊಂಡದ್ದು ಅವಳೇ. ಜಾರಿದ್ದು ಅವಳೇ. ಮೋಟಾರಿನ ತಂತಿ ಮುಟ್ಟೀತೆಂದು ನಾನು ಹೆದರಿ ಅಟ್ಟಿಸಿಕೊಂಡು ಹೋಗಿದ್ದೆ. ಹೇಳುತ್ತಾ ಹೇಳುತ್ತಾ ಅಟ್ಟಿಸಿದವನೇ ಕಲಿಸಿದವನಾದೆ.

ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಸಾಹೇಬರ ಕೋಣೆಗೆ ಹೋದೆ.

"ಸರ್, ನಾಲ್ಕನೆಯದು ಪೂರ್ತಿ ತಿರುಗೋದಿಲ್ಲ."

"ಯಾವತ್ತಿಂದ?"

"ಮೂರು ತಿಂಗಳು."

ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ತಲೆಯಲ್ಲಿ ಕೂದಲು ಚೆನ್ನಾಗಿಯೇ ಇದೆ. ಮುಂದಿನ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದರು. ಎಲ್ಲ ಹಾಳೆಯಲ್ಲೂ "ಆರೂ ಸರಿ", ಕೆಳಗೆ ನನ್ನ ಸಹಿ.

"ಆ ಹುಡುಗಿ ಬಿದ್ದ ಜಾಗ ಅದೇ ತಾನೇ?"

"ಅದೇ."

ಕೂಗಾಡಿದ್ದರೆ ಚೆನ್ನಾಗಿತ್ತು. ಎದ್ದು ಪಾನಾ ಪೆಟ್ಟಿಗೆ ತೆಗೆದುಕೊಂಡು, "ಬನ್ನಿ, ತೆರೆಯೋಣ" ಅಂದರು. ಚಿಕ್ಕಪ್ಪನ ಕುತ್ತಿಗೆ ಬಿಚ್ಚಿದೆವು. ನನ್ನ ಚಪ್ಪಲಿಯ ತುಂಡು ನೀರು ಕುಡಿದು ಊದಿಕೊಂಡು, ತಿರುಗುವ ಚಕ್ರದ ಹಲ್ಲುಗಳ ನಡುವೆ ಸಿಕ್ಕಿಕೊಂಡು ಕೂತಿತ್ತು. ಇಕ್ಕಳದಲ್ಲಿ ಎಳೆದು ನನ್ನ ಅಂಗೈಗೆ ಹಾಕಿದರು. ಹೊಸ ಬಳೆ ಸಾಹೇಬರ ಪೆಟ್ಟಿಗೆಯಲ್ಲೇ ಇತ್ತು. ಮೆಕ್ಯಾನಿಕ್ಕನ್ನು ಬಿಟ್ಟು ಇವರನ್ನು ಕೇಳಿದ್ದರೆ ಅವತ್ತೇ ಸಿಗುತ್ತಿತ್ತು.

ಪಂದ್ಯಾವಳಿ ಮುಗಿದ ಮೇಲೆ ಕೀಲಿಕೈ ಒಪ್ಪಿಸಬೇಕು, ವಿಚಾರಣೆ ಇರುತ್ತದೆ ಅಂದರು. ಅಲ್ಲಿಯವರೆಗೆ ಪ್ರತಿ ಸಲ ನೀರು ಬಿಡುವಾಗ ಪಕ್ಕದಲ್ಲಿ ಅವರು ನಿಂತಿರುತ್ತಾರೆ. ಆಗಲಿ ಅಂದೆ.

ಅಲ್ಲಿಂದ ಹಾಸ್ಟೆಲ್‌ಗೆ ಹೋದೆ. ಕಂಬ ಮಂಚದ ಮೇಲೆ ಕೂತು, ಕಟ್ಟು ಹಾಕಿದ ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡಿದ್ದಳು. ಮಂಚ ಅವಳಿಗೆ ಸಾಲದು, ಹಿಮ್ಮಡಿ ಹೊರಗೆ ಬರುತ್ತದೆ. ಬಾಗಿಲಲ್ಲೇ ನಿಂತು ಹೇಳಿದೆ, ಚಪ್ಪಲಿ ತುಂಡನ್ನೂ ತೋರಿಸಿದೆ.

ಅವಳು ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು.

"ಇಷ್ಟೇನಾ ಅಂಕಲ್?"

"ಇಷ್ಟೇ."

"ಒಣಗಿತ್ತು ಅಂತ ಬಿದ್ದಾಗಲೇ ಗೊತ್ತಾಯ್ತು. ಯಾರೂ ನಂಬಲ್ಲ, ಕಾಲಿಗೆ ನೆಪ ಹುಡುಕ್ತಾಳೆ ಅಂತಾರೆ ಅಂತ ಸುಮ್ಮನಿದ್ದೆ." ತುಂಡನ್ನು ನನ್ನ ಕೈಗೆ ವಾಪಸು ಹಾಕಿದಳು. "ನನಗೆ ನಿಮ್ಮ ಮೇಲೆ ಸಿಟ್ಟಿದೆ. ಇವತ್ತು ಹೋಗಲ್ಲ ಅದು."

"ಹೋಗೋದು ಬೇಡಮ್ಮ."

"ನಿಮ್ಮ ಹುಡುಗಿಗೆ ಗೊತ್ತಾ?"

ಇಲ್ಲ ಅಂದೆ. "ನೀವೇ ಹೇಳಿ, ಬೇರೆಯವರ ಬಾಯಿಂದ ಬೇಡ" ಅಂದಳು. ನಾನು ಹೊರಡುವಾಗ ಕರೆದಳು. "ನಿಮ್ಮ ಪಂಪಿನ ಕೋಣೆ ಮುಂದೆ ಕಟ್ಟೆ ಇದೆಯಲ್ಲ, ಗೋಲಿನ ಹಿಂದೆ? ಅಲ್ಲಿ ನನಗೊಂದು ಕುರ್ಚಿ ಹಾಕಿ. ಬೆಂಚಿಂದ ಅವಳಿಗೆ ನನ್ನ ದನಿ ಕೇಳಿಸಲ್ಲ."

ಫೆಬ್ರವರಿ 14, ಶುಕ್ರವಾರ

ಹೇಳಿದೆ.

"ಅಂದ್ರೆ ನನ್ನ ಜಾಗ ನಿನ್ನ ಚಪ್ಪಲಿ ಕೊಟ್ಟಿದ್ದಾ?"

ಚಪ್ಪಲಿ ತುಂಡನ್ನು ಕುಳ್ಳಿಯ ಮುಂದೆ ಹಿಡಿದೆ. "ಬಿಸಿಲು ಅಂದ್ಯಲ್ಲ ಮಾಮ. ನನ್ನ ಮುಖ ನೋಡ್ಕೊಂಡು ಬಿಸಿಲು ಅಂದ್ಯಲ್ಲ" ಅಂದಳು. ಮುಖ ನೋಡಿರಲಿಲ್ಲ, ಮೀಟರು ನೋಡಿದ್ದೆ. ಅದನ್ನು ಹೇಳಲಿಲ್ಲ.

ಹೆಲ್ಮೆಟ್ ಎತ್ತಿಕೊಂಡು ಅಭ್ಯಾಸಕ್ಕೆ ಹೋದಳು. ಎರಡು ಗಂಟೆ ಹೊತ್ತು ಒಂದೇ ಕಡೆ ಜಾರಿದಳು, ಎಡಗಡೆ, ಆ ಜಾಗದಲ್ಲಿ. ಎದ್ದಳು, ಜಾರಿದಳು. ಸಾಹೇಬರನ್ನು ಕೇಳಿಕೊಂಡು ಮೂರು ಸಲ ನೀರು ಬಿಟ್ಟೆ. ನನ್ನ ಕಡೆ ನೋಡಲಿಲ್ಲ.

ಫೆಬ್ರವರಿ 15, ಶನಿವಾರ

ಸೆಮಿಫೈನಲ್. ಎರಡಕ್ಕೆ ಒಂದು. ಗೆದ್ದೆವು. ನಾಲ್ಕನೆಯದು ಕೊನೆ ಮುಟ್ಟಿತು, ನಾನೇ ಕಣ್ಣಾರೆ ನೋಡಿದೆ. ಕಂಬ ಕುರ್ಚಿಯಲ್ಲಿ ಕೂತು ಕೂಗಿದ್ದಕ್ಕೆ ನನ್ನ ಎಡಗಿವಿ ಇನ್ನೂ ಗುಂಯ್ ಅನ್ನುತ್ತಿದೆ. ಬಿಸಿಲಿಗೆ ಅವಳ ಕಾಲಿನ ಮೇಲೆ ಒದ್ದೆ ಬಟ್ಟೆ ಹಾಕಿದೆ. ಬೇಡ ಅನ್ನಲಿಲ್ಲ.

ಫೆಬ್ರವರಿ 16, ಭಾನುವಾರ

ಅವಸರಕ್ಕೆ ಅಕ್ಷರ ಮುತ್ತಾಗಿ ಬರುತ್ತಿಲ್ಲ. ಇರಲಿ.

ಫೈನಲ್ ನೇರಳೆ ಅಂಗಿಯವರ ಮೇಲೆ. ಇಡೀ ಪಂದ್ಯಾವಳಿಯಲ್ಲಿ ಒಂದೂ ಸೋಲದ ತಂಡ ಅದು. ಅವರ ನಾಯಕಿ ಚೆಂಡನ್ನು ಕೋಲಿಗೆ ಅಂಟಿಸಿಕೊಂಡೇ ಹುಟ್ಟಿದವಳ ಹಾಗೆ ಓಡುತ್ತಾಳೆ. ಸ್ಟ್ಯಾಂಡು ತುಂಬಿ ಮೆಟ್ಟಿಲಲ್ಲೂ ಜನ. ಅಕ್ಕನೂ ಬಂದಿದ್ದಳು. ಎರಡನೇ ಸಾಲಿನಲ್ಲಿ ಕೂತು, ಪಂದ್ಯ ಶುರುವಾದಾಗಿನಿಂದ ಕಣ್ಣು ಮುಚ್ಚಿಕೊಂಡೇ ಇದ್ದಳು.

ಹತ್ತು ನಿಮಿಷಕ್ಕೆ ಅವರದೊಂದು ಗೋಲು. ಮೂರನೇ ಕ್ವಾರ್ಟರಿನಲ್ಲಿ ನಮ್ಮದೊಂದು. ಆಮೇಲೆ ಅವರು ಮುತ್ತಿಗೆ ಹಾಕಿದರು. ಕುಳ್ಳಿ ಎಷ್ಟು ಸಲ ಬಿದ್ದಳು, ಎಷ್ಟು ಸಲ ಎದ್ದಳು, ಲೆಕ್ಕವಿಲ್ಲ. ಕಂಬ ನನ್ನ ಪಕ್ಕದ ಕುರ್ಚಿಯಿಂದ "ಎಡಕ್ಕೆ", "ನಿಲ್ಲು", "ಈಗ ಬಾ" ಅಂತ ಕೂಗುತ್ತಲೇ ಇದ್ದಳು. ಇಬ್ಬರೂ ಸೇರಿ ಒಬ್ಬ ಗೋಲ್‌ಕೀಪರ್ ಆದ ಹಾಗಿತ್ತು, ಒಬ್ಬಳು ಕಣ್ಣು, ಒಬ್ಬಳು ಕಾಲು. ಒಂದಕ್ಕೆ ಒಂದು, ಸಮ.

ಶೂಟೌಟ್. ಐದೈದು ಸಲ, ಪ್ರತಿ ಸಲ ಒಬ್ಬಳೇ ಚೆಂಡು ತರಬೇಕು, ಎದುರಿಗೆ ಗೋಲ್‌ಕೀಪರ್ ಒಬ್ಬಳೇ, ಎಂಟು ಸೆಕೆಂಡು. ಅದೂ ನಮ್ಮ ಪಂಪಿನ ಕೋಣೆಯ ಕಡೆಯ ಗೋಲಿನಲ್ಲಿ. ಟರ್ಫ್ ಅಷ್ಟು ಹೊತ್ತಿಗೆ ಒಣಗುತ್ತಿತ್ತು. ಎರಡೂ ನಾಯಕಿಯರು ಮಾತಾಡಿಕೊಂಡು ನೀರು ಕೇಳಿದರು. ಸಾಹೇಬರು ನನ್ನ ಕಡೆ ತಿರುಗಿ, "ಮೂರು ಮತ್ತು ನಾಲ್ಕು, ಒಂದು ನಿಮಿಷ" ಅಂದರು.

ಅತ್ತೆಯನ್ನು ಬಿಟ್ಟೆ. ಚಿಕ್ಕಪ್ಪನನ್ನು ಬಿಟ್ಟೆ. ನೀರು ಎದ್ದಿತು. ಈ ಕೊನೆಯಿಂದ ಹೊರಟಿತು, ನಡು ದಾಟಿತು, ಮುಕ್ಕಾಲಿಗೆ ಬಂತು. ಮುಂದೆ ಹೋಯಿತು. ಗೋಲಿನ ಎಡಗಡೆ ಪೂರ್ತಿ ತೋಯಿಸಿ, ಕೊನೆ ಮುಟ್ಟಿ, ನಿಧಾನವಾಗಿ ವಾಪಸು ಬಂತು. ಕುಳ್ಳಿ ಬಗ್ಗಿ ಗ್ಲೌಸಿನಿಂದ ಆ ಜಾಗವನ್ನು ಒಮ್ಮೆ ಮುಟ್ಟಿ ನೋಡಿದಳು.

ನಾಲ್ಕು ಸುತ್ತು ಮುಗಿದಾಗ ನಮ್ಮದು ಎರಡು, ಅವರದು ಎರಡು. ಐದನೆಯದನ್ನು ನಮ್ಮ ಹುಡುಗಿ ಹಾಕಿದಳು. ಮೂರಕ್ಕೆ ಎರಡು. ಇನ್ನು ಅವರದು ಕೊನೆಯದು, ನಾಯಕಿಯೇ ಬಂದಳು.

ಸೀಟಿ. ಕಂಬ ಎಣಿಸಲು ಶುರು ಮಾಡಿದಳು, ಕುಳ್ಳಿಗೆ ಕೇಳುವ ಹಾಗೆ, ಗಟ್ಟಿಯಾಗಿ. ಒಂದು. ಎರಡು. ನಾನೂ ಎಣಿಸಿದೆ. ನಾಯಕಿ ಬಲಕ್ಕೆ ಹೋದ ಹಾಗೆ ಮಾಡಿದಳು, ಕುಳ್ಳಿ ಅಲ್ಲಾಡಲಿಲ್ಲ. ಮೂರು. ನಾಲ್ಕು. ಚೆಂಡನ್ನು ಹಿಂದಕ್ಕೆಳೆದು ಎಡಕ್ಕೆ ಸರಿದಳು. ಎಡಕ್ಕೆ, ಆ ಎರಡು ಚಾಪೆಯ ಜಾಗಕ್ಕೆ. ಐದು. ಅವಳು ದಾಟಿಯೇ ಬಿಟ್ಟಳು, ಗೋಲು ಖಾಲಿಯಾಗಿ ಕಂಡಿತು. ಸಾಹೇಬರು ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡರು.

ಕುಳ್ಳಿ ಅಡ್ಡ ಬಿದ್ದಳು. ಐದಡಿ ಒಂದಂಗುಲ ಎಷ್ಟು ದೂರ ಮುಟ್ಟುತ್ತದೆ ಅಂತ ಲೆಕ್ಕ ಹಾಕಿಯೇ ಆ ನಾಯಕಿ ಸರಿದಿದ್ದಳು. ಲೆಕ್ಕ ಸರಿಯಾಗಿಯೇ ಇತ್ತು. ನೀರನ್ನು ಮಾತ್ರ ಸೇರಿಸಿರಲಿಲ್ಲ. ಕುಳ್ಳಿ ಬಿದ್ದಲ್ಲಿ ನಿಲ್ಲಲಿಲ್ಲ, ಜಾರಿದಳು, ನೀರು ಎರಡು ಕಡೆ ಹಾರಿತು, ಇನ್ನೂ ಜಾರಿದಳು, ಪಂಪಿನ ಕೋಣೆಯ ಸಿಮೆಂಟಿನ ಮೇಲೆ ಗೋಣಿ ಕಟ್ಟಿಕೊಂಡು ಜಾರಿದ ಹಾಗೆ. ಆರು. ಚೆಂಡು ಕೋಲು ಬಿಟ್ಟಿತು. ಏಳು. ಪ್ಯಾಡಿನ ತುದಿಗೆ ಬಡಿದು ಟಪ್ ಅಂತ ಸದ್ದಾಯಿತು. ಚೆಂಡು ಆಚೆ ಹೋಯಿತು. ಎಂಟು.

ಸೀಟಿ.

ಆಮೇಲೆ ಏನಾಯಿತೆಂದು ಸರಿಯಾಗಿ ಹೇಳಲಾರೆ. ಕಂಬ ಒಂಟಿ ಕಾಲಿನಲ್ಲಿ ಎದ್ದು ನಿಂತು ನನ್ನ ತಲೆಯನ್ನು ಕಂಕುಳಲ್ಲಿ ಒತ್ತಿ ಹಿಡಿದಿದ್ದಳು. ಉಸಿರುಗಟ್ಟಿತು, ಆದರೂ ಬಿಡು ಅನ್ನಲಿಲ್ಲ. ಅಕ್ಕ ಕಣ್ಣು ಬಿಟ್ಟು ಪಕ್ಕದವರನ್ನು "ಏನಾಯ್ತು, ಏನಾಯ್ತು" ಅಂತ ಕೇಳುತ್ತಿದ್ದಳು. ತಂಡದವರೆಲ್ಲ ಕುಳ್ಳಿಯ ಮೇಲೆ ಬಿದ್ದು, ಸ್ವಲ್ಪ ಹೊತ್ತು ಅವಳೇ ಕಾಣಲಿಲ್ಲ. ಬಿಡಿಸಿಕೊಂಡು ಹೆಲ್ಮೆಟ್ ಕಿತ್ತೆಸೆದು, ನೇರ ನಮ್ಮ ಬೇಲಿಯ ಬಳಿ ಓಡಿ ಬಂದಳು. ಬೇಲಿಯ ಮೇಲಿಂದ ಬಗ್ಗಿದ ಕಂಬದ ಕುತ್ತಿಗೆಗೆ ಜೋತುಬಿದ್ದಳು. ಇಬ್ಬರೂ ಅಳುತ್ತಿದ್ದರು, ಇಬ್ಬರೂ ಬಯ್ದುಕೊಳ್ಳುತ್ತಿದ್ದರು. "ಏಳರ ತನಕ ಯಾಕೆ ಕಾದೆ, ನನ್ನ ಜೀವ ಹೋಗಿತ್ತು" ಅಂತ ಕಂಬ. "ನೀನು ನಿಧಾನಕ್ಕೆ ಎಣಿಸಿದೆ" ಅಂತ ಕುಳ್ಳಿ.

ನಾನು ವಾಲ್ವಿನ ಹತ್ತಿರ ನಿಂತಿದ್ದೆ. ಹೊರಡುವ ಮುಂಚೆ ಕುಳ್ಳಿ ತಿರುಗಿ ನೋಡಿದಳು. ಮುಖದ ತುಂಬ ನೀರು, ಬೆವರೋ ಗನ್ನಿನದೋ ಕಣ್ಣಿನದೋ.

"ಮಾಮ, ನೀರು ಚೆನ್ನಾಗಿತ್ತು."

ಅಷ್ಟೇ ಅಂದು ಓಡಿದಳು.

ಫೆಬ್ರವರಿ 17, ಸೋಮವಾರ

ಚಹದಂಗಡಿಯವನು ಇವತ್ತು ಕುರ್ಚಿ ಒರೆಸಿ ಕೊಟ್ಟ. ಅಂಗಡಿ ತುಂಬ ಜನ. "ಹೇಳಿ ಮಾಮ, ಗೋಣಿ ಕಟ್ಟಿ ಕಲಿಸಿದ್ದು ಹೇಗೆ?" ಅಂದ.

"ನಾನು ಕಲಿಸಿಲ್ಲ, ಅಟ್ಟಿಸಿಕೊಂಡು ಹೋಗಿದ್ದೆ" ಅಂದೆ. ನಕ್ಕರು. ಹೊಸ ತಮಾಷೆ ಅಂದುಕೊಂಡರು. ಜೇಬಿನಿಂದ ಚಪ್ಪಲಿ ತುಂಡು ತೆಗೆದು ಮೇಜಿನ ಮೇಲಿಟ್ಟು ಅದರ ಕಥೆಯನ್ನೂ ಹೇಳಿದೆ. ಅರ್ಧಕ್ಕೆ ಬಂದಾಗ ನಗು ನಿಂತಿತು.

"ಇದನ್ನ ಯಾಕೆ ಹೇಳ್ದೆ ಮಾರಾಯ" ಅಂದ ಅಂಗಡಿಯವನು. "ಇದಿಲ್ಲದೇನೇ ಕಥೆ ಚೆನ್ನಾಗಿತ್ತು."

"ನನ್ನ ಭಾಗ ಕೇಳಿದ್ಯಲ್ಲ. ನನ್ನ ಭಾಗ ಇದೇ" ಅಂದೆ. ಇನ್ನೊಂದು ಲೋಟ ಚಹ ಹಾಕಿದ. ಕಡಿಮೆ ಮಾತಾಡಿದ್ದಕ್ಕೋ ಏನೋ, ಇವತ್ತು ಬಿಸಿಯಾಗಿರುವಾಗಲೇ ಕುಡಿದೆ.

ಮಧ್ಯಾಹ್ನ ಸಾಹೇಬರಿಗೆ ಕೀಲಿಕೈ ಒಪ್ಪಿಸಿದೆ. ವಿಚಾರಣೆ ಮುಗಿಯುವವರೆಗೆ ಪಂಪು ಮುಟ್ಟುವ ಹಾಗಿಲ್ಲ. ಹೊಸದಾಗಿ ಒಬ್ಬ ಹೆಂಗಸನ್ನು ಹಾಕಿದ್ದಾರೆ, ಅವಳಿಗೆ ಕೆಲಸ ತೋರಿಸಿಕೊಡಿ ಅಂದರು. ತೋರಿಸಿದೆ. ಅಜ್ಜಿ, ದೊಡ್ಡಪ್ಪ, ಅತ್ತೆ, ಎಲ್ಲರನ್ನೂ ಪರಿಚಯ ಮಾಡಿಸಿದೆ. "ನಾಲ್ಕನೆಯದರ ಹೆಸರೇನು?" ಅಂದಳು. ಚಿಕ್ಕಪ್ಪ ಪಾಪ, ಸತ್ತು ಎಷ್ಟೋ ವರ್ಷವಾಯಿತು, ಅವನ ಹೆಸರು ಯಾಕೆ ಕೆಡಿಸಬೇಕು ಅನ್ನಿಸಿತು. "ಅದಕ್ಕೆ ನನ್ನ ಹೆಸರಿಟ್ಕೋ. ಮುಕ್ಕಾಲಿಗೆ ವಾಪಸು ಬಂದರೆ ಬಂತು ಅಂತಲೇ ಬರಿ" ಅಂದೆ.

ಕುಳ್ಳಿ ಸಂಜೆ ಮನೆಗೆ ಬಂದು, ಪದಕವನ್ನು ನನ್ನ ಕುತ್ತಿಗೆಗೆ ಹಾಕಲು ಹೊರಟಳು. ಬೇಡ, ತಣ್ಣಗಿದೆ, ನೆಗಡಿಯಾಗುತ್ತದೆ ಅಂದೆ. ಅಕ್ಕ ನನ್ನ ಹಣೆ ಮುಟ್ಟಿ ಜ್ವರವಿದೆಯಾ ಅಂತ ನೋಡಿದಳು. ನನಗೇನಾಗಿದೆ, ನಾನು ಯಾವಾಗಲೂ ಇದ್ದ ಹಾಗೇ ಇದ್ದೇನೆ. ಬೆಳಿಗ್ಗೆ ಪದಕ ತೆಗೆದುಕೊಂಡು ಕಂಬದ ಹಾಸ್ಟೆಲಿಗೆ ಹೋಗುತ್ತಾಳಂತೆ, ವಾರಕ್ಕೊಬ್ಬರ ಹತ್ತಿರ ಇರಲಿ ಅಂತ ಮಾತಾಡಿಕೊಂಡಿದ್ದಾರೆ.

ಪುಸ್ತಕವನ್ನು ಬೆಳಿಗ್ಗೆ ಸಾಹೇಬರಿಗೆ ವಾಪಸು ಕೊಡಬೇಕು. ಹಿಂದಿನ ಹಾಳೆಗಳನ್ನು ಹರಿದುಕೊಳ್ಳೋಣ ಅಂತಿದ್ದೆ. ಆದರೆ ಮುಂದಿನಿಂದ ಬಂದ ಫೈನಲ್ಲಿನ ಹಾಳೆಯೂ ಹಿಂದಿನಿಂದ ಬಂದ ನನ್ನ ಈ ಹಾಳೆಯೂ ಒಂದೇ ಹಾಳೆಯ ಎರಡು ಮಗ್ಗುಲಾಗಿಬಿಟ್ಟಿವೆ, ಪುಸ್ತಕ ಅಲ್ಲಿಗೆ ಮುಗಿದಿದೆ. ಇದನ್ನು ಹರಿದರೆ ಅದೂ ಹೋಗುತ್ತದೆ. ಇರಲಿ ಬಿಡು, ಸಾಹೇಬರು ಓದಿದರೆ ಓದಲಿ. ಬೆಳಕಿಗೆ ಹಿಡಿದರೆ ಆ ಕಡೆ ನಾನು ಬರೆದದ್ದು ಈ ಕಡೆಗೂ ಕಾಣುತ್ತದೆ, ತಲೆಕೆಳಗಾಗಿ:

ಫೈನಲ್, ಶೂಟೌಟಿಗೆ ಮುಂಚೆ, ಒಂದು ನಿಮಿಷ. ಮೂರನೇ ಗನ್ ಸರಿ. ನಾಲ್ಕನೇ ಗನ್ ಪೂರ್ತಿ ತಿರುಗಿತು.

ಇಲ್ಲೂ ಅದನ್ನೇ ಬರೆಯಬೇಕೆಂದಿದ್ದೆ.